ನಾಲಿಗೆ ಕಲಿಯುವ ವೇಗ

ಚಹಾಕ್ಕೆ ನಾನು ಎರಡು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದೆ. ಎರಡೂ ತುಂಬು ಚಮಚ, ಮೇಲೆ ಪುಟ್ಟ ಗುಡ್ಡದ ಹಾಗೆ ನಿಂತ ಸಕ್ಕರೆ. ಬಿಡಬೇಕೆಂದು ಮೂರು ಸಲ ಹೊರಟೆ, ಮೂರೂ ಸಲ ಒಂದೇ ದಿನಕ್ಕೆ ಪೂರ್ತಿ ನಿಲ್ಲಿಸಿದೆ. ಮೊದಲ ಗುಟುಕಿಗೇ ಮುಖ ಕಿವುಚಿಕೊಳ್ಳುತ್ತಿತ್ತು. ಹೆಚ್ಚೆಂದರೆ ಒಂದು ವಾರ ತಡೆದುಕೊಂಡೆ, ಆಮೇಲೆ ಡಬ್ಬಿ ಮತ್ತೆ ಕೈಗೆ ಬಂತು. ನಾಲ್ಕನೇ ಸಲ ಬಿಡುವ ಮಾತನ್ನೇ ಎತ್ತಲಿಲ್ಲ. ಚಮಚದ ಮೇಲಿನ ಗುಡ್ಡವನ್ನು ಬೆರಳಿಂದ ಸವರಿ ಡಬ್ಬಿಗೇ ಬೀಳಿಸಿದೆ, ಅಷ್ಟೇ. ಚಹಾದಲ್ಲಿ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಎರಡು ಮೂರು ವಾರ ಕಳೆದ ಮೇಲೆ ಎರಡನೇ ಚಮಚವನ್ನು ಅರ್ಧ ಮಾಡಿದೆ. ಇನ್ನಷ್ಟು ದಿನ ಬಿಟ್ಟು ಆ ಅರ್ಧವೂ ಹೋಯಿತು. ಅವಸರ ಮಾಡಲಿಲ್ಲ, ಹೀಗಾಗಿ ವರ್ಷವೇ ಹಿಡಿಯಿತು. ಆದರೆ ಡಬ್ಬಿಯ ಕಡೆಗೆ ಮತ್ತೆ ಮನಸ್ಸು ಎಳೆಯಲಿಲ್ಲ.

ಊಟ ತಿಂಡಿಯ ರೂಢಿ ಬದಲಿಸುವ ವಿಷಯ ಬಂದಾಗಲೆಲ್ಲ "ಮನಸ್ಸು ಗಟ್ಟಿ ಮಾಡಿಕೊ" ಎಂಬ ಬುದ್ಧಿಮಾತು ಬಂದೇ ಬರುತ್ತದೆ. ಮೊದಲ ಮೂರು ಸಲವೂ ನನ್ನ ಮನಸ್ಸು ಗಟ್ಟಿಯಾಗಿಯೇ ಇತ್ತು. ಅವಸರಕ್ಕೆ ಬಗ್ಗದೇ ಇದ್ದದ್ದು ದೇಹ. ನಾವು ತಿನ್ನುವುದನ್ನು ಒಪ್ಪಿಕೊಳ್ಳಬೇಕಾದವರು ಮೂವರು: ನಾಲಿಗೆ, ಕರುಳು, ಮತ್ತು ರೂಢಿಯಾಗಿಬಿಟ್ಟ ಕೈ. ಮೂವರ ವೇಗವೂ ಬೇರೆ. ಕರುಳು ಕೆಲವು ವಾರಗಳಲ್ಲಿ ಒಗ್ಗಿಕೊಂಡೀತು, ನಾಲಿಗೆಗೆ ತಿಂಗಳುಗಳೇ ಬೇಕು, ಕೈಯ ರೂಢಿ ಒಬ್ಬೊಬ್ಬರದು ಒಂದೊಂದು ಲೆಕ್ಕ. "ಸೋಮವಾರದಿಂದ ಎಲ್ಲ ಬಂದ್" ಎಂದು ಹೊರಟವರು ಈ ಮೂವರಿಗೂ ಒಂದೇ ರಾತ್ರಿಯ ಗಡುವು ಕೊಟ್ಟಿರುತ್ತಾರೆ. ನಿಧಾನವಾಗಿ ಹೋಗುವುದನ್ನು ಜನ ದುರ್ಬಲರ ದಾರಿ ಎಂದುಕೊಳ್ಳುತ್ತಾರಲ್ಲ, ಅದು ನನಗೆ ಬೇಸರದ ಸಂಗತಿ. ದೇಹ ನಿಜಕ್ಕೂ ಬದಲಾಗುವ ವೇಗವೇ ಅದು.

ಉಪ್ಪು ಕಡಿಮೆಯಾದದ್ದು ಗೊತ್ತಾಗದ ಬ್ರೆಡ್ಡು

ಆಸ್ಟ್ರೇಲಿಯಾದ ಸಂಶೋಧಕರು ಒಂದು ಸರಳ ಪರೀಕ್ಷೆ ಮಾಡಿದರು. ಅದರ ವರದಿ ಬಂದದ್ದು 2003ರಲ್ಲಿ. ಒಂದು ಗುಂಪಿಗೆ ಆರು ವಾರ ಒಂದೇ ಬಗೆಯ ಬ್ರೆಡ್ಡು. ಇನ್ನೊಂದು ಗುಂಪಿನ ಬ್ರೆಡ್ಡಿನಲ್ಲಿ ವಾರ ವಾರಕ್ಕೂ ಶೇಕಡಾ 5ರಷ್ಟು ಉಪ್ಪು ಇಳಿಸುತ್ತಾ ಹೋದರು. ಕೊನೆಗೆ ಕಾಲು ಭಾಗ ಉಪ್ಪೇ ಇರಲಿಲ್ಲ. ತಿಂದವರು ಅದನ್ನು ಗುರುತಿಸಲಿಲ್ಲ. ಅದೇ ಕಾಲು ಭಾಗವನ್ನು ಒಂದೇ ದಿನ ತೆಗೆದಿದ್ದರೆ ಬಹಳ ಜನ "ಸಪ್ಪೆ" ಎಂದು ತಟ್ಟೆ ಸರಿಸುತ್ತಿದ್ದರೇನೋ.

ಇದು ಹೇಗೆ ಸಾಧ್ಯ? ನಾಲಿಗೆಗೆ ಉಪ್ಪನ್ನು ತೂಗುವ ತಕ್ಕಡಿ ಇಲ್ಲ. ಅದು ಇವತ್ತಿನ ತುತ್ತನ್ನು ನಿನ್ನೆ ಮೊನ್ನೆಯ ತುತ್ತಿನ ಜೊತೆ ಹೋಲಿಸುತ್ತದೆ, ಅಷ್ಟೇ. "ಸರಿಯಾಗಿದೆ" ಎಂದು ನಮಗೆ ಅನಿಸುವ ಹದ ಹುಟ್ಟಿನಿಂದ ಬಂದದ್ದಲ್ಲ, ತಿಂದು ತಿಂದು ಕೂತದ್ದು. ಹಾಗಾಗಿ ಅದನ್ನು ಜರುಗಿಸಲೂ ಬಹುದು. 1982ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಶೋಧನಾ ಕೇಂದ್ರದವರು ಇದನ್ನು ಚೆನ್ನಾಗಿ ತೋರಿಸಿದರು. ಸ್ವಯಂಸೇವಕರು ಐದು ತಿಂಗಳು ಕಡಿಮೆ ಉಪ್ಪಿನ ಊಟ ಮಾಡಿದರು. ಮೊದಮೊದಲು ಎಲ್ಲ ಸಪ್ಪೆ. ಎರಡು ಮೂರು ತಿಂಗಳು ಕಳೆಯುವ ಹೊತ್ತಿಗೆ ಅವರಿಗೆ ಹಿಡಿಸುವ ಉಪ್ಪಿನ ಪ್ರಮಾಣವೇ ಕೆಳಗಿಳಿದಿತ್ತು.

ಅದೇ ತಂಡ ಮುಂದೆ ಇದನ್ನು ತಿರುಗಿಸಿಯೂ ನೋಡಿತು. ಕೆಲವರಿಗೆ ಊಟದ ಮೇಲೆ ಹೆಚ್ಚು ಉಪ್ಪು ಉದುರಿಸಿಕೊಳ್ಳಲು ಹೇಳಿದರು, ಕೆಲವರಿಗೆ ಹೆಚ್ಚಿನ ಉಪ್ಪನ್ನು ನಾಲಿಗೆಗೆ ತಾಕದ ಹಾಗೆ ಮಾತ್ರೆಯಾಗಿ ಕೊಟ್ಟರು. ಉದುರಿಸಿಕೊಂಡವರ ನಾಲಿಗೆ ಇನ್ನೂ ಉಪ್ಪು ಬೇಡತೊಡಗಿತು. ಮಾತ್ರೆ ನುಂಗಿದವರಲ್ಲಿ ಹಾಗಾಗಲಿಲ್ಲ. ಈ ಪ್ರಯೋಗ ನನಗೆ ತುಂಬಾ ಇಷ್ಟ. ಹೊಟ್ಟೆಗೆ ಎಷ್ಟು ಸೇರಿತು ಎನ್ನುವುದಕ್ಕಿಂತ ಬಾಯಿಗೆ ಎಷ್ಟು ತಾಕಿತು ಎನ್ನುವುದೇ ರುಚಿಯನ್ನು ತಿದ್ದುತ್ತದೆ ಎಂದು ಅದು ತೋರಿಸಿಕೊಟ್ಟಿತು.

ಸಕ್ಕರೆಯ ಕಥೆ ಸ್ವಲ್ಪ ಬೇರೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿನವರು ಮೂರು ತಿಂಗಳು ಸಕ್ಕರೆ ಕಡಿಮೆ ಮಾಡಿದರು. ಮೊದಲ ತಿಂಗಳು ನಾಲಿಗೆಯಲ್ಲಿ ಏನೂ ಬದಲಾಗಲಿಲ್ಲ. ಮೂರನೇ ತಿಂಗಳ ಹೊತ್ತಿಗೆ, ಅದೇ ಸಿಹಿ ತಿನಿಸು ಅವರಿಗೆ ಉಳಿದವರಿಗಿಂತ ಹೆಚ್ಚು ಸಿಹಿಯಾಗಿ ಕಾಣತೊಡಗಿತು. ಆದರೆ ಸಿಹಿಯ ಮೇಲಿನ ಆಸೆ? ಅದು ಕಡಿಮೆಯಾಗಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ಸಕ್ಕರೆ ಬಿಟ್ಟರೆ ಸಿಹಿ ಬೇಡವೇ ಆಗುತ್ತದೆ ಎಂದು ಭರವಸೆ ಕೊಡುವವರನ್ನು ನಂಬಿ ಹೊರಟವರು ಎರಡನೇ ತಿಂಗಳಲ್ಲೂ ಬಾಯಿ ನೀರೂರಿದಾಗ "ನನ್ನ ಕೈಲಾಗದು" ಎಂದು ಕೈಬಿಡುತ್ತಾರೆ. ಸಿಹಿ ಇಷ್ಟವಾಗುತ್ತಲೇ ಇರುತ್ತದೆ, ಕಡಿಮೆ ಸಕ್ಕರೆಯಲ್ಲೂ ಬಾಯಿಗೆ ಸಾಕಷ್ಟು ಸಿಹಿ ಸಿಗತೊಡಗುತ್ತದೆ. ನಿರೀಕ್ಷೆ ಅಷ್ಟಕ್ಕೇ ಇದ್ದರೆ ಒಳ್ಳೆಯದು.

ಸಕ್ಕರೆಯ ಬದಲು ಸಿಹಿ ಮಾತ್ರೆ ಹಾಕಿಕೊಂಡರೆ ಆಗದೇ ಎಂದು ಕೇಳುವವರಿದ್ದಾರೆ. ಕ್ಯಾಲೊರಿ ಕಡಿಮೆಯಾಗುತ್ತದೆ, ನಿಜ. ಆದರೆ ಬಾಯಿಗೆ ತಾಕುವ ಸಿಹಿ ಅಷ್ಟೇ ಇದ್ದರೆ ನಾಲಿಗೆ ಕಲಿಯುವುದಾದರೂ ಏನನ್ನು? ತೂಕ ಇಳಿಸುವ ಉಪಾಯವಾಗಿ ಇವನ್ನು ಬಳಸುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರನ್ನೇ ಕೇಳಬೇಕು.

ಎಲ್ಲಿಗೆ ತಲುಪಬೇಕು ಎಂಬ ಅಂದಾಜಿಗೆ ಅದೇ ಸಂಸ್ಥೆಯ ಅಳತೆಗಳಿವೆ: ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಡಿಮೆ. ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಿಹಿ ಎಲ್ಲ ಸೇರಿ ದಿನದ ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ. 2000 ಕ್ಯಾಲೊರಿ ತಿನ್ನುವವರಿಗೆ ಇದು 50 ಗ್ರಾಂ, ಸುಮಾರು ಹನ್ನೆರಡು ಚಮಚ. ಹಣ್ಣು ತರಕಾರಿ ಕನಿಷ್ಠ 400 ಗ್ರಾಂ. ಇವನ್ನು ನಾಳೆ ಬೆಳಿಗ್ಗೆಯೇ ಮುಟ್ಟಬೇಕಿಲ್ಲ. ದಾರಿಯ ಕೊನೆಯಲ್ಲಿ ನೆಟ್ಟ ಕಲ್ಲುಗಳು ಎಂದುಕೊಂಡರೆ ಸಾಕು.

ಕರುಳಿಗೂ ಸೂಚನೆ ಕೊಡಿ

ನಾರಿನಂಶ ಒಳ್ಳೆಯದು ಎಂದು ಓದಿ ಒಂದೇ ದಿನ ಕಾಳು, ಸೊಪ್ಪು, ತವುಡು ತೆಗೆಯದ ಧಾನ್ಯ ಎಲ್ಲವನ್ನೂ ತಟ್ಟೆ ತುಂಬ ಬಡಿಸಿಕೊಂಡವರಿಗೆ ಮರುದಿನ ಹೊಟ್ಟೆ ಉಬ್ಬರ. "ನನಗೆ ಇದೆಲ್ಲ ಆಗಿಬರುವುದಿಲ್ಲ" ಎಂದು ಅಲ್ಲಿಗೇ ಬಿಡುತ್ತಾರೆ. ಬಹಳ ಸಲ ತಪ್ಪು ಕಾಳಿನದಲ್ಲ, ಅವಸರದ್ದು. ನಾರಿನ ಬಹುಪಾಲನ್ನು ಜೀರ್ಣಿಸುವ ಸಾಮರ್ಥ್ಯ ನಮ್ಮ ದೇಹಕ್ಕೆ ಇಲ್ಲ. ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ, ಆಗ ಗಾಳಿ ಹುಟ್ಟುತ್ತದೆ. ಯಾವ ಬ್ಯಾಕ್ಟೀರಿಯಾ ಎಷ್ಟಿರಬೇಕು ಎನ್ನುವುದು ನಾವು ದಿನಾ ಏನು ತಿನ್ನುತ್ತೇವೆ ಎನ್ನುವುದರ ಮೇಲೆ ನಿಂತಿದೆ. ಊಟ ಬದಲಾದರೆ ಅವೂ ಬದಲಾಗುತ್ತವೆ, ಆದರೆ ಅವುಗಳಿಗೆ ಸ್ವಲ್ಪ ಸಮಯ ಬೇಕು. ದಿನಕ್ಕೆ 25 ಗ್ರಾಂ ನಾರು ಎನ್ನುವುದು ವಯಸ್ಕರಿಗೆ ಹೇಳುವ ಕನಿಷ್ಠ ಅಳತೆ. ಈಗ ಅದರ ಅರ್ಧವೂ ಸಿಗದವರು ವಾರಕ್ಕೆ ಒಂದು ಹಿಡಿಯಂತೆ ಏರಿಸಲಿ. ಜೊತೆಗೆ ನೀರು ಸಾಕಷ್ಟು ಕುಡಿಯಬೇಕು. ನಾರು ಹೆಚ್ಚಿಸಿ ನೀರು ಮರೆತರೆ ಮಲಬದ್ಧತೆ ಬಿಗಿಯಾಗಬಹುದು.

ಕೈ ತಾನಾಗಿ ಹೋಗುವ ಜಾಗ

ನಾಲಿಗೆಗೆ ಇಷ್ಟವಿಲ್ಲದಿದ್ದರೂ ನಾವು ತಿನ್ನುತ್ತೇವೆ. ಇದನ್ನು ತೋರಿಸಿದ ಪ್ರಯೋಗವೊಂದಿದೆ, 2011ರದ್ದು. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞರಾದ ಡೇವಿಡ್ ನೀಲ್, ವೆಂಡಿ ವುಡ್ ಮತ್ತು ಸಂಗಡಿಗರು ಸಿನಿಮಾ ಮಂದಿರಕ್ಕೆ ಬಂದವರಲ್ಲಿ ಕೆಲವರಿಗೆ ಆಗಷ್ಟೇ ಮಾಡಿದ ಪಾಪ್‌ಕಾರ್ನ್, ಕೆಲವರಿಗೆ ಏಳು ದಿನ ಹಳೆಯದನ್ನು ಕೊಟ್ಟರು. ಸಿನಿಮಾ ನೋಡುತ್ತಾ ಪಾಪ್‌ಕಾರ್ನ್ ತಿನ್ನುವ ರೂಢಿ ಗಟ್ಟಿಯಾಗಿದ್ದವರು ಮೆತ್ತಗಾದ ಹಳೆಯದನ್ನೂ ಹೊಸದರಷ್ಟೇ ತಿಂದು ಮುಗಿಸಿದರು. ಚೆನ್ನಾಗಿಲ್ಲ ಎಂದು ಬಾಯಲ್ಲಿ ಹೇಳುತ್ತಲೇ. ಅಂಥವರನ್ನೇ ಒಂದು ಸಭಾಕೋಣೆಯಲ್ಲಿ ಕೂರಿಸಿ ಕೊಟ್ಟಾಗ ಹಳೆಯದನ್ನು ಅಷ್ಟಾಗಿ ಮುಟ್ಟಲಿಲ್ಲ. ಇನ್ನೂ ಸೋಜಿಗವೆಂದರೆ, ಸಿನಿಮಾ ಮಂದಿರದಲ್ಲೇ ರೂಢಿಯಿಲ್ಲದ ಕೈಯಿಂದ ತಿನ್ನಲು ಹೇಳಿದಾಗಲೂ ರೂಢಿಯ ಹಿಡಿತ ಸಡಿಲಾಯಿತು.

ಅಂದರೆ ಅವರನ್ನು ತಿನ್ನಿಸುತ್ತಿದ್ದದ್ದು ಹಸಿವೆಯೂ ಅಲ್ಲ, ರುಚಿಯೂ ಅಲ್ಲ. ಕತ್ತಲೆ, ಕುರ್ಚಿ, ಎದುರಿನ ಪರದೆ, ಮಡಿಲಿನ ಡಬ್ಬಿ. ಒಂದು ಕೆಲಸವನ್ನು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಮತ್ತೆ ಮತ್ತೆ ಮಾಡಿದಾಗ ಮಿದುಳು ಅದನ್ನು ಯೋಚನೆಯ ಕೈಯಿಂದ ತೆಗೆದು ರೂಢಿಯ ಕೈಗೆ ಕೊಡುತ್ತದೆ. ಆಮೇಲೆ ಆ ಜಾಗ, ಆ ಹೊತ್ತು ಬಂದರೆ ಸಾಕು, ಕೈ ತಾನೇ ಹೊರಡುತ್ತದೆ.

ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿ ಬಾಗಿಲ ಪಕ್ಕದ ಕಪಾಟಿನ ಮೇಲಿರುತ್ತಿತ್ತು. ಸಂಜೆ ಬಂದವಳು ಕೀಲಿಕೈ ಇಡುವುದೂ ಅಲ್ಲೇ. ಕೀಲಿಕೈ ಇಟ್ಟ ಸದ್ದು, ಮರುಕ್ಷಣ ಮುಚ್ಚಳ ತೆಗೆದ ಸದ್ದು. ಚೀಲ ಇನ್ನೂ ಹೆಗಲಲ್ಲೇ ಇರುತ್ತಿತ್ತು. ಡಬ್ಬಿಯನ್ನು ಎಸೆಯಲಿಲ್ಲ, ಅಡುಗೆಮನೆಯ ಮೇಲಿನ ಹಲಗೆಗೆ ಸಾಗಿಸಿದೆ, ಸ್ಟೂಲ್ ಹತ್ತಿದರೆ ಮಾತ್ರ ಸಿಗುವಂತೆ. ಕಪಾಟಿನ ಮೇಲೆ ಬಾಳೆಹಣ್ಣು ಇಟ್ಟೆ. ಮೊದಲ ಕೆಲವು ದಿನ ನನ್ನ ಕೈ ಡಬ್ಬಿಯಿದ್ದ ಖಾಲಿ ಜಾಗವನ್ನು ತಡವಿ ವಾಪಸ್ಸು ಬರುತ್ತಿತ್ತು. ಆ ಕ್ಷಣದಲ್ಲಿ ನನಗೆ ಅರಿವಾದದ್ದು: ಇಷ್ಟು ವರ್ಷ ಆ ಹೊತ್ತಿನಲ್ಲಿ ನನಗೆ ಹಸಿವಾಗಿದೆಯೋ ಇಲ್ಲವೋ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಹೊಸ ರೂಢಿ ಕೂರಲು ಎಷ್ಟು ದಿನ ಬೇಕು? 21 ದಿನ ಎಂದು ಎಲ್ಲೆಲ್ಲೂ ಕೇಳುತ್ತೇವೆ. ಅದರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಮಾತು. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುವಾಗ "ಕನಿಷ್ಠ" ಉದುರಿಹೋಯಿತು, ಮುಖದ ಮಾತು ರೂಢಿಯ ಮಾತಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಹಿಂಬಾಲಿಸಿ ನಿಜವಾಗಿಯೇ ಲೆಕ್ಕ ಹಾಕಿದರು, 2010ರ ಹೊತ್ತಿಗೆ ಅದು ಪ್ರಕಟವಾಯಿತು. ಒಬ್ಬೊಬ್ಬರೂ ಒಂದೊಂದು ಸಣ್ಣ ಕೆಲಸ ಆರಿಸಿಕೊಂಡಿದ್ದರು, ಅದನ್ನು ದಿನದ ಒಂದು ಗೊತ್ತಾದ ಹೊತ್ತಿಗೆ ಕಟ್ಟಿಕೊಂಡಿದ್ದರು. ಅದು ಯೋಚಿಸದೆಯೇ ನಡೆಯುವ ಮಟ್ಟ ಮುಟ್ಟಲು ನಡುವಿನ ಅಂದಾಜು 66 ದಿನ. ಬೇಗನೆ ಹಿಡಿದವರಿಗೆ 18, ತಡವಾದವರಿಗೆ 254 ದಿನ ಬೇಕಾದೀತು ಎಂದು ಅವರ ಲೆಕ್ಕ ಹೇಳಿತು. ಒಂದು ಲೋಟ ನೀರು ಕುಡಿಯುವಂಥ ಹಗುರ ಕೆಲಸ ಬೇಗ ಕೂರುತ್ತದೆ, ವ್ಯಾಯಾಮದಂಥದ್ದು ತಡವಾಗುತ್ತದೆ. ಇಪ್ಪತ್ತೆರಡನೇ ದಿನವೂ ಕಷ್ಟವಾಗುತ್ತಿದೆ ಎಂದು ಕೊರಗುವವರಿಗೆ ಈ ಅಂಕಿಗಳನ್ನು ಮೊದಲೇ ಹೇಳಿದ್ದರೆ ಎಷ್ಟು ಸಂಕಟ ತಪ್ಪುತ್ತಿತ್ತು!

"ಗೊತ್ತಾದ ಹೊತ್ತಿಗೆ ಕಟ್ಟಿಕೊಳ್ಳುವುದು" ಎಂಬ ಮಾತನ್ನು ಸ್ವಲ್ಪ ಬಿಡಿಸಬೇಕು. "ಇನ್ನು ಮೇಲೆ ತರಕಾರಿ ಹೆಚ್ಚು ತಿನ್ನುತ್ತೇನೆ" ಎನ್ನುವುದು ಆಸೆ. ಅದಕ್ಕೆ ಜಾಗವೂ ಇಲ್ಲ, ಹೊತ್ತೂ ಇಲ್ಲ. "ಮಧ್ಯಾಹ್ನ ತಟ್ಟೆ ಕೈಗೆ ಬಂದ ಕೂಡಲೇ ಮೊದಲು ತರಕಾರಿ ಬಡಿಸಿಕೊಳ್ಳುತ್ತೇನೆ" ಎಂದರೆ ತಟ್ಟೆಯೇ ನೆನಪು ಮಾಡುತ್ತದೆ. ಈ ಬಗೆಯ "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ಸಂಕಲ್ಪಗಳನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಅಭ್ಯಾಸ ಮಾಡಿದ್ದಾರೆ. ಬರೀ ಆಸೆಪಡುವುದಕ್ಕಿಂತ ಇವು ಹೆಚ್ಚು ಕೈಗೂಡುತ್ತವೆ. ಒಂದು ಹೊತ್ತಿಗೆ ಒಂದೇ ಸಂಕಲ್ಪ ಸಾಕು. ಅದು ಕೂತ ಮೇಲೆ ಇನ್ನೊಂದು.

ಬಾಯಿ ಕಟ್ಟಿದರೆ ಏನಾಗುತ್ತದೆ

1944ರ ಕೊನೆಯಿಂದ 1945ರವರೆಗೆ, ಎರಡನೇ ಮಹಾಯುದ್ಧದ ಕೊನೆಯ ಕಾಲದಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಒಂದು ಪ್ರಯೋಗ ನಡೆಸಿದರು. ಆರೋಗ್ಯವಂತ 36 ಯುವಕರು ಸ್ವಇಚ್ಛೆಯಿಂದ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಹಸಿದು ಬಂದ ಜನರಿಗೆ ಮತ್ತೆ ಊಟ ಹೇಗೆ ಕೊಡಬೇಕು ಎಂದು ತಿಳಿಯುವುದು ಉದ್ದೇಶ. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ತೂಕಕ್ಕಿಂತ ನನ್ನನ್ನು ಕಾಡುವುದು ಅವರ ಮನಸ್ಸಿಗೆ ಆದದ್ದು. ಮಾತೆಲ್ಲ ಊಟದ ಸುತ್ತಲೇ. ಅಡುಗೆ ಪುಸ್ತಕ ಸಂಗ್ರಹಿಸತೊಡಗಿದರು, ತಟ್ಟೆ ನೆಕ್ಕಿದರು, ಸಿಡಿಮಿಡಿಗೊಂಡರು, ಮಂಕಾದರು. ಪ್ರಯೋಗ ಮುಗಿದ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಿಲ್ಲ.

ದಿಢೀರ್ ಕಟ್ಟುನಿಟ್ಟಿನ ಡಯೆಟ್ಟಿನಲ್ಲೂ ಇದರ ನೆರಳು ಕಾಣುತ್ತದೆ. ಕೊಬ್ಬು ಕರಗಿದಂತೆ, ದೇಹದಲ್ಲಿ ಕೊಬ್ಬಿನ ದಾಸ್ತಾನು ಸಾಕಷ್ಟಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ. ದೇಹಕ್ಕೆ ಇದು ಬರಗಾಲದ ಸುದ್ದಿ. ಅದು ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನು ಹಿಡಿಯುತ್ತದೆ. ಮೂರನೇ ವಾರ ರಾತ್ರಿ ಹನ್ನೊಂದಕ್ಕೆ ಅಡುಗೆಮನೆಗೆ ನುಗ್ಗಿದವರು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ದಯವಿಟ್ಟು ಬೈದುಕೊಳ್ಳಬೇಡಿ. ದೇಹ ಮಾಡುವ ಕೆಲಸವನ್ನೇ ಮಾಡಿದೆ.

ಬೈದುಕೊಳ್ಳುವುದರಿಂದ ಇನ್ನೊಂದು ಕೇಡಿದೆ. 1975ರ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಜನರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಊಟದ ಬಗ್ಗೆ ಕಟ್ಟುಪಾಡಿಲ್ಲದವರು ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಮ್ ಕಡಿಮೆ ತಿಂದರು. ಬಾಯಿ ಕಟ್ಟಿಕೊಂಡಿದ್ದವರು ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. "ಹೇಗೂ ಕೆಟ್ಟಿತಲ್ಲ, ಇವತ್ತು ಹೋಗಲಿ" ಎನ್ನುವ ಆ ಭಾವ ಡಯೆಟ್ ಮಾಡಿದ ಯಾರಿಗೂ ಹೊಸದಲ್ಲ. ನಿಯಮ ಗಾಜಿನಂತಿದ್ದರೆ ಒಂದು ಬಿರುಕಿಗೆ ಎಲ್ಲವೂ ಚೂರು. ಸಣ್ಣ ಬದಲಾವಣೆಯಲ್ಲಿ ಒಡೆಯಲು ಅಷ್ಟು ದೊಡ್ಡದೇನೂ ಇರುವುದಿಲ್ಲ.

ಆದ್ದರಿಂದಲೇ ಏನನ್ನು ಬಿಡಬೇಕು ಎನ್ನುವುದಕ್ಕಿಂತ ಏನನ್ನು ಸೇರಿಸಬೇಕು ಎಂದು ಶುರುಮಾಡುವುದು ನನಗೆ ಹೆಚ್ಚು ಸರಿಕಂಡಿದೆ. ತರಕಾರಿ, ಹಣ್ಣು, ಕಾಳುಗಳಲ್ಲಿ ನೀರು ಮತ್ತು ನಾರು ಹೆಚ್ಚು. ಹೊಟ್ಟೆಯಲ್ಲಿ ಜಾಗ ಹಿಡಿಯುತ್ತವೆ, ಅಗಿಯಲು ಹೊತ್ತು ಬೇಕು. ತಟ್ಟೆಯ ಉಳಿದ ಜಾಗ ತಾನಾಗಿ ಕಿರಿದಾಗುತ್ತದೆ. ಅಗಿಯುವ ಹೊತ್ತೂ ಸಣ್ಣ ಸಂಗತಿಯಲ್ಲ, ಏಕೆಂದರೆ "ಸಾಕು" ಎನ್ನುವ ಸುದ್ದಿ ಹೊಟ್ಟೆ ಕರುಳಿನಿಂದ ಮಿದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ತಂಡ 20 ಜನರನ್ನು ನಾಲ್ಕು ವಾರ ಅಲ್ಲೇ ಇರಿಸಿಕೊಂಡಿತು. ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸು, ಎರಡು ವಾರ ಹೆಚ್ಚು ಸಂಸ್ಕರಿಸದ ಸಾದಾ ಅಡುಗೆ. ಬಡಿಸಿದ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎಲ್ಲವನ್ನೂ ಸರಿದೂಗಿಸಿದ್ದರು. ಎಷ್ಟು ಬೇಕೋ ಅಷ್ಟು ತಿನ್ನಿ ಎಂದು ಬಿಟ್ಟಾಗ, ಸಂಸ್ಕರಿಸಿದ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಎರಡೇ ವಾರದಲ್ಲಿ ಸುಮಾರು 0.9 ಕಿಲೊ ತೂಕ ಏರಿತು. ಸಾದಾ ಅಡುಗೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಯಾರೂ ಬಾಯಿ ಕಟ್ಟಿರಲಿಲ್ಲ.

ಹಾಗೆಯೇ ನಿದ್ದೆ. 2004ರ ಒಂದು ಪ್ರಯೋಗದಲ್ಲಿ 12 ಯುವಕರು ಎರಡು ರಾತ್ರಿ ಬರೀ ನಾಲ್ಕು ಗಂಟೆ ಮಲಗಿದರು. ಹತ್ತು ಗಂಟೆ ಮಲಗಿದ ದಿನಗಳಿಗೆ ಹೋಲಿಸಿದರೆ ಅವರ ಲೆಪ್ಟಿನ್ ಶೇಕಡಾ 18ರಷ್ಟು ಇಳಿದಿತ್ತು, ಹಸಿವೆ ಹುಟ್ಟಿಸುವ ಗ್ರೆಲಿನ್ ಶೇಕಡಾ 28ರಷ್ಟು ಏರಿತ್ತು. ಸಿಹಿ, ಉಪ್ಪಿನ, ಪಿಷ್ಟದ ತಿಂಡಿಗಳ ಮೇಲೆ ಆಸೆ ಹೆಚ್ಚಾಗಿತ್ತು. ನಿದ್ದೆಗೆಟ್ಟ ವಾರದಲ್ಲಿ ಹೊಸ ಬದಲಾವಣೆ ಶುರುಮಾಡದಿರುವುದು ಲೇಸು.

ಎಲ್ಲರೂ ಒಬ್ಬರೇ ನಿರ್ಧರಿಸಬಾರದ ಸಂಗತಿಗಳೂ ಇವೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟದ ಪ್ರಮಾಣ ಬದಲಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು, ಔಷಧಿಯ ಅಳತೆಯೂ ಜೊತೆಗೇ ಬದಲಾಗಬೇಕು. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಹಾನಿಕರ. ಗರ್ಭಿಣಿಯರು, ಬೆಳೆಯುವ ಮಕ್ಕಳು ತೂಕ ಇಳಿಸುವ ಲೆಕ್ಕಾಚಾರಕ್ಕೆ ಇಳಿಯಬಾರದು. ಇನ್ನೊಂದನ್ನು ಒತ್ತಿ ಹೇಳಬೇಕು: ತುತ್ತಿನ ಲೆಕ್ಕವೇ ದಿನವನ್ನೆಲ್ಲ ತುಂಬಿಕೊಂಡಿದ್ದರೆ, ತಿಂದ ಮೇಲೆ ಭಯವೋ ಅಪರಾಧ ಭಾವವೋ ಕಾಡುತ್ತಿದ್ದರೆ, ಅದು ಶಿಸ್ತಲ್ಲ. ಅದಕ್ಕೆ ಚಿಕಿತ್ಸೆ ಇದೆ, ವೈದ್ಯರ ಬಳಿ ಹೋಗಬೇಕು.

ನಡುವೆ ಜ್ವರ ಬರುತ್ತದೆ, ಪ್ರಯಾಣ ಬರುತ್ತದೆ, ಮನೆ ತುಂಬ ನೆಂಟರಿರುತ್ತಾರೆ. ರೂಢಿ ತಪ್ಪುತ್ತದೆ. ಲ್ಯಾಲಿಯವರ ಅಧ್ಯಯನದಲ್ಲಿ ನನಗೆ ಅತಿ ನೆಮ್ಮದಿ ಕೊಟ್ಟ ಸಂಗತಿ 66ರ ಅಂಕಿ ಅಲ್ಲ. ಒಂದು ದಿನ ತಪ್ಪಿಸಿದವರ ರೂಢಿ ಅದರಿಂದ ಹೇಳುವಷ್ಟೇನೂ ಹಿಂದೆ ಬೀಳಲಿಲ್ಲ ಎಂಬ ಸಂಗತಿ. ಕಳೆದ ವರ್ಷ ಹದಿನೈದು ದಿನ ಹಾಸಿಗೆ ಹಿಡಿದಿದ್ದಾಗ ಯಾರೋ ಕೊಟ್ಟ ಚಹಾ ಕುಡಿಯುತ್ತಿದ್ದೆ, ಸಕ್ಕರೆ ಎಷ್ಟು ಎಂದು ಕೇಳಲೂ ಇಲ್ಲ. ಎದ್ದ ಮೇಲೆ ಮೊದಲ ಲೋಟಕ್ಕೆ ಕೈ ತನ್ನಷ್ಟಕ್ಕೆ ಅರ್ಧ ಚಮಚವನ್ನೇ ಹಾಕಿತು.

ಅಲ್ಲಿಗೇ ನಿಂತಿದ್ದೇನೆ, ಅರ್ಧಕ್ಕೆ. ಅದರ ಕೆಳಗೆ ಇಳಿಯಬೇಕು ಅನಿಸಿಲ್ಲ. ಈಗ ಕೈಗೆತ್ತಿಕೊಂಡಿರುವುದು ಉಪ್ಪು. ಊಟದ ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲನ್ನು ಹೋದ ವಾರ ಒಳಗೆ ಇಟ್ಟಿದ್ದೇನೆ. ಅಡುಗೆಯಲ್ಲಿ ಇನ್ನೂ ಏನೂ ಬದಲಿಸಿಲ್ಲ.